ಕಲ್ಲಿದ್ದಲ ಬಾಯ್ಲರ್‌ಗೆ ಕಾಫಿ ಹೊಟ್ಟು ಬೆರೆಸುವುದು ಹೇಗೆ? ಹೊಗೆಯಲ್ಲಿ ಏನು ಇಳಿಯುತ್ತದೆ, ಏನು ಏರುತ್ತದೆ?

ಕಾಫಿ ಕ್ಯೂರಿಂಗ್ (ಒಣಗಿದ ಕಾಫಿಯ ಸಿಪ್ಪೆ ತೆಗೆದು ಬೀಜ ಹದಮಾಡುವ) ಸೀಸನ್ ಬಂತೆಂದರೆ ಈ ಪ್ರಶ್ನೆಯೂ ಬಂತು. "ಹೊಟ್ಟು ರಾಶಿ ಬಿದ್ದಿದೆ, ಕಲ್ಲಿದ್ದಲಿಗೆ ಎಷ್ಟು ಬೆರೆಸಬಹುದು?" ಅದರ ಬೆನ್ನಿಗೇ ಇನ್ನೊಂದು: "ಬೆರೆಸಿದರೆ ಹೊಗೆ ಕಡಿಮೆ ಆಗುತ್ತದಾ?" ಒಬ್ಬೊಬ್ಬರಿಗೂ ಫೋನಿನಲ್ಲಿ ಅರ್ಧಂಬರ್ಧ ಹೇಳುವ ಬದಲು ಎಲ್ಲವನ್ನೂ ಒಂದೇ ಕಡೆ ಬರೆದಿದ್ದೇನೆ.

ಇದು ಹಾಸನ, ಚಿಕ್ಕಮಗಳೂರು ಕಡೆಯ ಸಣ್ಣ, ಮಧ್ಯಮ ಘಟಕಗಳಿಗೆ: ಗಂಟೆಗೆ ಒಂದರಿಂದ ಹತ್ತು ಟನ್ ಹಬೆ ಕೊಡುವ ಬಾಯ್ಲರ್ ಇಟ್ಟುಕೊಂಡಿರುವ ಗಾರ್ಮೆಂಟ್, ಬಟ್ಟೆ ಸಂಸ್ಕರಣೆ, ಪಶು ಆಹಾರ, ಕುಸುಬಲಕ್ಕಿ ಮಿಲ್, ಆಹಾರ ಸಂಸ್ಕರಣೆಯವರಿಗೆ. ರಾಯಚೂರು, ಬಳ್ಳಾರಿಯ ಉಷ್ಣ ವಿದ್ಯುತ್ ಸ್ಥಾವರಗಳ ಕಥೆ ಬೇರೆ. ಕೇಂದ್ರ ವಿದ್ಯುತ್ ಸಚಿವಾಲಯವು 2021ರ ಅಕ್ಟೋಬರ್‌ನಲ್ಲಿ ತಂದು 2023ರಲ್ಲಿ ತಿದ್ದಿದ ನೀತಿಯ ಪ್ರಕಾರ ಕಲ್ಲಿದ್ದಲು ಸ್ಥಾವರಗಳು 2024-25ರಿಂದ ಶೇ 5, 2025-26ರಿಂದ ಶೇ 7ರಷ್ಟು ಜೀವರಾಶಿ ಬೆರೆಸಬೇಕಿತ್ತು. ಜೀವರಾಶಿ ಎಂದರೆ ಹೊಟ್ಟು, ಸಿಪ್ಪೆ, ಕಟ್ಟಿಗೆ ಪುಡಿಯಂಥ ಗಿಡಮರ ಮೂಲದ ಇಂಧನ. ಆ ಶೇ 5–7ರ ನಿಯಮ ನಿಮ್ಮ ಮೂರು ಟನ್ ಬಾಯ್ಲರ್‌ಗೆ ಅನ್ವಯಿಸುವುದಿಲ್ಲ. "ಸರ್ಕಾರವೇ ಕಡ್ಡಾಯ ಮಾಡಿದೆ" ಎಂದು ಬ್ರಿಕೆಟ್ (ಪುಡಿ ಒತ್ತಿ ಮಾಡಿದ ಕೊರಡು) ಮಾರಲು ಬಂದವರು ಹೇಳಿದರೆ ಯಾರಿಗೆ ಕಡ್ಡಾಯ ಎಂದು ಕೇಳಿ.

ಮೊದಲು ಚಿಮಣಿಯ ಲೆಕ್ಕ

ಹಂತಗಳಿಗೆ ಹೋಗುವ ಮೊದಲು ಇದನ್ನು ಓದಿ. ಹೊಟ್ಟು ಹಾಕಿದ ಮಾತ್ರಕ್ಕೆ ಹೊಗೆ ಶುದ್ಧವಾಗುವುದಿಲ್ಲ. ಕೆಲವು ಖಂಡಿತ ಇಳಿಯುತ್ತವೆ, ಕೆಲವು ನೀವು ಉರಿಸುವ ರೀತಿಯ ಮೇಲೆ ಇಳಿಯಬಹುದು ಅಥವಾ ಏರಬಹುದು.

ಖಂಡಿತ ಇಳಿಯುವುದು ಗಂಧಕದ ಡೈಆಕ್ಸೈಡ್. ಗಂಧಕ ಉರಿದಾಗ ಅದರ ತೂಕದ ಎರಡರಷ್ಟು ಡೈಆಕ್ಸೈಡ್ ಆಗುತ್ತದೆ. ನಮ್ಮ ಕಡೆ ಬರುವ ಕಲ್ಲಿದ್ದಲಿನಲ್ಲಿ ಸಾಮಾನ್ಯವಾಗಿ ಶೇ 0.5ರ ಆಸುಪಾಸು ಗಂಧಕ ಇರುತ್ತದೆ, ಕೆಲವು ಆಮದು ಲೋಡುಗಳಲ್ಲಿ ಹೆಚ್ಚು. ಹೊಟ್ಟು, ಕಟ್ಟಿಗೆಯಲ್ಲಿ ಅದರ ಒಂದು ಸಣ್ಣ ಪಾಲು ಮಾತ್ರ. ಕಲ್ಲಿದ್ದಲಿನ ಪಾದರಸವೂ ಅಷ್ಟೇ. ಕಲ್ಲಿದ್ದಲು ಕಡಿಮೆಯಾದಷ್ಟು ಅದೂ ಕಡಿಮೆ.

ಇಂಗಾಲದ ಡೈಆಕ್ಸೈಡ್ ವಿಷಯದಲ್ಲಿ ಬಹಳ ಜನ ತಪ್ಪು ತಿಳಿದಿದ್ದಾರೆ. ಚಿಮಣಿಯ ಬಾಯಲ್ಲಿ ಅಳೆದರೆ ಅದು ಇಳಿಯುವುದೇ ಇಲ್ಲ. ಅಂತರರಾಷ್ಟ್ರೀಯ ಲೆಕ್ಕದಲ್ಲಿ ಒಂದು ಗಿಗಾಜೂಲ್ (ಸುಮಾರು 2.39 ಲಕ್ಷ ಕಿಲೋಕ್ಯಾಲರಿ) ಶಾಖಕ್ಕೆ ಕಲ್ಲಿದ್ದಲಿನಿಂದ 95 ಕೆಜಿ ಹೊರಬಂದರೆ ಕಟ್ಟಿಗೆಯಿಂದ 112 ಕೆಜಿ ಬರುತ್ತದೆ. ಹಾಗಾದರೆ ಲಾಭವೇನು? ಕಾಫಿ ಗಿಡ ಈ ವರ್ಷ ಗಾಳಿಯಿಂದ ಹೀರಿದ ಇಂಗಾಲವೇ ಹೊಟ್ಟಿನಿಂದ ವಾಪಸ್ ಹೋಗುತ್ತದೆ, ಭೂಮಿಯೊಳಗಿದ್ದ ಹಳೆಯ ಇಂಗಾಲವಲ್ಲ. ಆದ್ದರಿಂದ ವರದಿಗಳಲ್ಲಿ ಅದನ್ನು ಬೇರೆ ಸಾಲಿನಲ್ಲಿ ತೋರಿಸುತ್ತಾರೆ, ಒಟ್ಟು ಮೊತ್ತಕ್ಕೆ ಸೇರಿಸುವುದಿಲ್ಲ. ಈ ಲೆಕ್ಕ ವರ್ಷ ವರ್ಷ ಬರುವ ಹೊಟ್ಟಿಗೆ ಸರಿ. ಬಾಯ್ಲರ್‌ಗೆಂದೇ ಇಪ್ಪತ್ತು ವರ್ಷದ ಸಿಲ್ವರ್ ಓಕ್ ಉರುಳಿಸಿ ಅದನ್ನೂ "ಸೊನ್ನೆ" ಎಂದು ಬರೆದುಕೊಳ್ಳುವುದು ನನಗೆ ಒಪ್ಪಿಗೆಯಿಲ್ಲ. ಆ ಇಂಗಾಲ ಮತ್ತೆ ಮರವಾಗಲು ಇನ್ನೂ ಅಷ್ಟೇ ವರ್ಷ ಬೇಕು.

ಸಾರಜನಕದ ಆಕ್ಸೈಡ್‌ಗಳು ಇಳಿಯುತ್ತವೆ ಎಂಬ ಭರವಸೆ ಇಟ್ಟುಕೊಳ್ಳಬೇಡಿ. ನಮ್ಮ ಸಣ್ಣ ಬಾಯ್ಲರ್‌ಗಳಲ್ಲಿ ಇವು ಹೆಚ್ಚಾಗಿ ಇಂಧನದೊಳಗಿನ ಸಾರಜನಕದಿಂದಲೇ ಹುಟ್ಟುತ್ತವೆ. ಕಟ್ಟಿಗೆ ಪುಡಿಯಲ್ಲಿ ಸಾರಜನಕ ತೀರಾ ಕಡಿಮೆ. ಕಾಫಿ ಚೆರ್ರಿ ಹೊಟ್ಟಿನಲ್ಲಿ (ಹಣ್ಣನ್ನು ಹಾಗೇ ಒಣಗಿಸಿ ತೆಗೆದ ಸಿಪ್ಪೆಯಲ್ಲಿ) ಅದಕ್ಕಿಂತ ಎಷ್ಟೋ ಹೆಚ್ಚು. ಹೊಟ್ಟು ಒಳ್ಳೆಯ ಗೊಬ್ಬರವಾಗುವುದಕ್ಕೂ ಅದೊಂದು ಕಾರಣ.

ಇನ್ನು ಕಾರ್ಬನ್ ಮೊನಾಕ್ಸೈಡ್, ಮಸಿ, ದೂಳು. ಒಣ ಹೊಟ್ಟು, ಸರಿಯಾದ ಗಾಳಿ ಇದ್ದರೆ ಇಳಿಯುತ್ತವೆ. ಹಸಿ ಹೊಟ್ಟನ್ನು ಒಮ್ಮೆಗೇ ಗುಡ್ಡೆ ಹಾಕಿ ಬಾಗಿಲು ಮುಚ್ಚಿದರೆ, ಬರೀ ಕಲ್ಲಿದ್ದಲು ಉರಿಸುತ್ತಿದ್ದಾಗಿನ ಹೊಗೆಯೇ ವಾಸಿ ಎನ್ನಿಸುವಷ್ಟು ಏರುತ್ತವೆ. ದೂರು ಬರುವುದು ಸಾಮಾನ್ಯವಾಗಿ ಇದರಿಂದಲೇ.

ಏನೇನು ಬೇಕು

ತೂಕದ ಯಂತ್ರ, ತೇವ ನೋಡಲು 105 ಡಿಗ್ರಿಯಲ್ಲಿ ನಿಲ್ಲುವ ಚಿಕ್ಕ ಓವನ್, ಚಿಮಣಿಯ ಆಮ್ಲಜನಕ, ಕಾರ್ಬನ್ ಮೊನಾಕ್ಸೈಡ್ ಮತ್ತು ಉಷ್ಣತೆ ತೋರಿಸುವ ಕೈಯಲ್ಲಿ ಹಿಡಿಯುವ ಅನಲೈಸರ್ (ಕೊಳ್ಳಲಾಗದಿದ್ದರೆ ಕೆಲವು ದಿನಕ್ಕೆ ಬಾಡಿಗೆಗೆ), ಸೂರು ಇರುವ ಒಣ ಜಾಗ, ಒಂದು ರಿಜಿಸ್ಟರ್ ಪುಸ್ತಕ. ಎಲ್ಲಕ್ಕಿಂತ ಮುಖ್ಯವಾಗಿ, ಹೇಳಿದ್ದನ್ನು ಬರೆದಿಡುವ ಫೈರ್‌ಮನ್ (ಬಾಯ್ಲರ್‌ಗೆ ಇಂಧನ ಹಾಕಿ ಉರಿ ನೋಡಿಕೊಳ್ಳುವವರು). ಅವರನ್ನು ಕೂರಿಸಿಕೊಂಡು ಈ ಲೇಖನ ಓದಿ. ಮಾಲೀಕರೊಬ್ಬರಿಗೇ ಗೊತ್ತಿದ್ದರೆ ರಾತ್ರಿ ಪಾಳಿಯಲ್ಲಿ ಬೇರೆಯದೇ ನಡೆಯುತ್ತದೆ.

ಹಂತ 1: ಕಾಗದ ಪತ್ರ

ಕರ್ನಾಟಕ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿ ನಿಮಗೆ ಕೊಟ್ಟ ಸಮ್ಮತಿ ಪತ್ರ ತೆಗೆದು ನೋಡಿ. 1981ರ ವಾಯು ಕಾಯ್ದೆಯಡಿ ಕೊಡುವ ಆ ಪತ್ರದಲ್ಲಿ ಯಾವ ಇಂಧನ, ಎಷ್ಟು, ಚಿಮಣಿ ಎಷ್ಟು ಎತ್ತರ, ದೂಳಿನ ಮಿತಿ ಎಷ್ಟು ಎಂದು ಬರೆದಿರುತ್ತದೆ. "ಕಲ್ಲಿದ್ದಲು" ಎಂದಷ್ಟೇ ಇದ್ದರೆ ಹೊಟ್ಟು ಸೇರಿಸುವ ಮೊದಲು ತಿದ್ದುಪಡಿಗೆ ಅರ್ಜಿ ಹಾಕಿ. ಒಳ್ಳೆಯ ಕೆಲಸ ಮಾಡುತ್ತಿದ್ದೇವಲ್ಲ, ಯಾರು ಕೇಳುತ್ತಾರೆ ಎಂದುಕೊಂಡವರೇ ತಪಾಸಣೆಯ ದಿನ ಸಿಕ್ಕಿಬೀಳುವುದು.

ಎರಡನೆಯದು ಬಾಯ್ಲರ್. 1923ರ ಹಳೆಯ ಕಾನೂನಿನ ಜಾಗಕ್ಕೆ ಬಾಯ್ಲರ್‌ಗಳ ಕಾಯ್ದೆ, 2025 ಬಂದಿದೆ. ಒತ್ತಡದ ಭಾಗಕ್ಕೆ, ಗ್ರೇಟ್‌ಗೆ (ಇಂಧನ ಉರಿಯುವ ಕಬ್ಬಿಣದ ಜಾಲಿಗೆ), ಇಂಧನ ಹಾಕುವ ಬಾಯಿಗೆ ಏನೇ ಮಾರ್ಪಾಡು ಮಾಡುವುದಿದ್ದರೂ ತಯಾರಕರ ಲಿಖಿತ ಒಪ್ಪಿಗೆ ತೆಗೆದುಕೊಳ್ಳಿ, ಕಾರ್ಖಾನೆಗಳು ಮತ್ತು ಬಾಯ್ಲರುಗಳ ಇಲಾಖೆಯನ್ನು ಕೇಳಿ. ಊರಿನ ವೆಲ್ಡರ್ ಕೈಯಲ್ಲಿ ಕುಲುಮೆಯ ಗೋಡೆಗೆ ತೂತು ಕೊರೆಸಬೇಡಿ.

ಹಂತ 2: ಯಾವ ಹೊಟ್ಟು ಎಂದು ತಿಳಿಯಿರಿ

"ಹೊಟ್ಟು" ಎಂದರೆ ಒಂದೇ ವಸ್ತುವಲ್ಲ. ಇಲ್ಲೇ ಹೆಚ್ಚು ಹೊತ್ತು ಕಳೆಯಿರಿ; ಮುಂದೆ ಬರುವ ತೊಂದರೆಗಳಲ್ಲಿ ಅರ್ಧಕ್ಕಿಂತ ಹೆಚ್ಚು ಇಲ್ಲೇ ಹುಟ್ಟುತ್ತವೆ.

ಪಾರ್ಚ್‌ಮೆಂಟ್ ಹೊಟ್ಟು: ಪಲ್ಪ್ ಮಾಡಿ (ಹಣ್ಣಿನ ಹೊರ ಸಿಪ್ಪೆ, ತಿರುಳು ಬಿಡಿಸಿ), ತೊಳೆದು ಒಣಗಿಸಿದ ಕಾಫಿಯ ಮೇಲಿನ ತೆಳು ಸಿಪ್ಪೆ. ತಿಳಿ ಹಳದಿ, ಗರಿಗರಿ, ಹಿಡಿದರೆ ಪುಡಿಯಾಗುತ್ತದೆ. ಬೂದಿ ಕಡಿಮೆ, ಉರಿ ಜೋರು. ಸಿಕ್ಕಿದರೆ ಬಿಡಬೇಡಿ.

ಚೆರ್ರಿ ಹೊಟ್ಟು: ಹಣ್ಣನ್ನು ಹಾಗೇ ಕಣದಲ್ಲಿ ಒಣಗಿಸಿ ಹಲ್ ಮಾಡಿದಾಗ (ಸಿಪ್ಪೆ ಸುಲಿದಾಗ) ಸಿಗುವ ಕಪ್ಪು-ಕಂದು ಸಿಪ್ಪೆ. ನಮ್ಮಲ್ಲಿ ರಾಶಿ ಬೀಳುವುದು ಹೆಚ್ಚಾಗಿ ಇದೇ. ಒಣ ಚೆರ್ರಿಯ ತೂಕದಲ್ಲಿ ಹೆಚ್ಚುಕಡಿಮೆ ಅರ್ಧ ಹೊಟ್ಟೇ. ಬೂದಿ ಶೇ 5–7ರಷ್ಟು, ಆ ಬೂದಿಯಲ್ಲಿ ಪೊಟ್ಯಾಸಿಯಂ ಬಹಳ. ಪೊಟ್ಯಾಸಿಯಂ ಇದ್ದ ಬೂದಿ ಬೇಗ ಕರಗುತ್ತದೆ. ಕಲ್ಲಿದ್ದಲಿನ ಬೂದಿ ಸಾಮಾನ್ಯವಾಗಿ 1,200 ಡಿಗ್ರಿಯವರೆಗೂ ಕರಗದೆ ನಿಂತರೆ ಇದು 800–1,000 ಡಿಗ್ರಿಯಲ್ಲೇ ಮೆತ್ತಗಾಗಿ ಅಂಟಲು ಶುರುಮಾಡಬಹುದು. ಹಂತ 7ರಲ್ಲಿ ಹೇಳುವ ಕಿಟ್ಟಕ್ಕೆ ಇದೇ ಮೂಲ. ಮಣ್ಣಿನ ಕಣದಿಂದ ಗುಡಿಸಿ ತಂದ ಹೊಟ್ಟಾದರೆ ಅದರ ಜೊತೆ ಮರಳು, ಮಣ್ಣೂ ಬಂದಿರುತ್ತದೆ. ಒಂದು ಬಕೆಟ್ ನೀರಿಗೆ ಎರಡು ಹಿಡಿ ಹಾಕಿ ಕಲಕಿ. ತಳದಲ್ಲಿ ಎಷ್ಟು ಮಣ್ಣು ಕೂರುತ್ತದೆ ನೋಡಿದರೆ ಲೋಡು ತಗೋಬೇಕೋ ಬೇಡವೋ ಗೊತ್ತಾಗುತ್ತದೆ.

ಭತ್ತದ ಹೊಟ್ಟು: ಶೇ 18–20 ಬೂದಿ, ಬಹುಪಾಲು ಸಿಲಿಕಾ. ಕಿಟ್ಟದ ಕಾಟ ಕಡಿಮೆ, ಆದರೆ ಬೂದಿ ಮರಳು ಕಾಗದದ ಹಾಗೆ ಫ್ಯಾನಿನ ರೆಕ್ಕೆ, ಟ್ಯೂಬುಗಳನ್ನು ಸವೆಸುತ್ತದೆ.

ಅರಸೀಕೆರೆ, ಚನ್ನರಾಯಪಟ್ಟಣ ಕಡೆಯ ತೆಂಗಿನ ಚಿಪ್ಪು ಇಂಧನವಾಗಿ ಬಹಳ ಒಳ್ಳೆಯದು, ಆದರೆ ಇದ್ದಿಲು ಮಾಡುವವರು ಮೊದಲೇ ಎತ್ತಿಕೊಂಡು ಹೋಗಿರುತ್ತಾರೆ. ಮೆಕ್ಕೆಜೋಳದ ದಿಂಡು ಒಣಗಿದ್ದರೆ ಆಗಬಹುದು. ಸಾಮಿಲ್ ಪುಡಿಯ ಬ್ರಿಕೆಟ್ ಗ್ರೇಟ್ ಬಾಯ್ಲರ್‌ಗೆ ಎಲ್ಲಕ್ಕಿಂತ ಸುಲಭ, ಬೆಲೆಯೊಂದೇ ತೊಂದರೆ.

ಮುಟ್ಟಲೇಬಾರದ್ದು: ಪ್ಲೈವುಡ್, ಲ್ಯಾಮಿನೇಟ್ ತುಂಡು, ಬಣ್ಣ ಹೊಡೆದ ಮರ, ಗಾರ್ಮೆಂಟ್ ಚಿಂದಿ, ಗೊಬ್ಬರದ ಚೀಲ. ಇವು ಜೀವರಾಶಿಯಲ್ಲ, ತ್ಯಾಜ್ಯ, ಉರಿಸಿದರೆ ವಿಷಾನಿಲ. ಕರಾವಳಿಯಿಂದ ಅಗ್ಗಕ್ಕೆ ಬರುವ ಗೇರು ಸಿಪ್ಪೆಯ ಬಗ್ಗೆಯೂ ಎಚ್ಚರ. ಅದರ ಎಣ್ಣೆ ದಟ್ಟ ಕಪ್ಪು ಹೊಗೆ ಕೊಡುತ್ತದೆ, ಟ್ಯೂಬಿಗೆ ಡಾಂಬರಿನಂತೆ ಅಂಟುತ್ತದೆ.

ಹಂತ 3: ತೇವ ನೋಡದೆ ದುಡ್ಡು ಕೊಡಬೇಡಿ

ಲೋಡಿನ ಮೇಲ್ಭಾಗ, ನಡು, ತಳ ಮೂರು ಕಡೆಯಿಂದ ಹೊಟ್ಟು ತೆಗೆದು ಬೆರೆಸಿ. ಅದರಲ್ಲಿ 100 ಗ್ರಾಂ ತೂಗಿ 105 ಡಿಗ್ರಿ ಓವನ್‌ನಲ್ಲಿಡಿ. ಗಂಟೆಗೊಮ್ಮೆ ತೂಗುತ್ತಾ ಬನ್ನಿ, ತೂಕ ಇಳಿಯುವುದು ನಿಂತಾಗ ತೆಗೆಯಿರಿ. 88 ಗ್ರಾಂ ಉಳಿದರೆ ತೇವ ಶೇ 12.

ಇದಕ್ಕೆ ಇಷ್ಟು ಒತ್ತು ಯಾಕೆ? ಪೂರ್ತಿ ಒಣಗಿದ ಕಾಫಿ ಹೊಟ್ಟಿನ ಶಾಖ ಕೆಜಿಗೆ ಸುಮಾರು 4,300 ಕಿಲೋಕ್ಯಾಲರಿ ಎಂದಿಟ್ಟುಕೊಳ್ಳಿ. ಶೇ 12 ತೇವವಿದ್ದರೆ, ಆ ನೀರನ್ನು ಆವಿ ಮಾಡುವ ಖರ್ಚು ಕಳೆದು, ಕೈಗೆ ಸಿಗುವುದು 3,700ರಷ್ಟು. ಶೇ 35 ತೇವವಿದ್ದರೆ 2,600 ಮಾತ್ರ. ವೇಬ್ರಿಡ್ಜ್‌ನಲ್ಲಿ ಎರಡೂ ಒಂದೇ ಟನ್. ಶಾಖದಲ್ಲಿ ನೂರಕ್ಕೆ ಮೂವತ್ತು ಖೋತಾ. ನಷ್ಟ ದುಡ್ಡಿಗೆ ಮುಗಿಯುವುದಿಲ್ಲ. ಬಚ್ಚಲ ಹಂಡೆಯ ಒಲೆಗೆ ಹಸಿ ಸೌದೆ ತುರುಕಿದಾಗ ಏನಾಗುತ್ತದೋ ಕುಲುಮೆಯಲ್ಲೂ ಅದೇ: ಉರಿ ತಣ್ಣಗಾಗುತ್ತದೆ, ಹೊರಟ ಅನಿಲ ಪೂರ್ತಿ ಉರಿಯದೆ ಹೊಗೆಯಾಗಿ ಹೋಗುತ್ತದೆ, ಕಾರ್ಬನ್ ಮೊನಾಕ್ಸೈಡ್ ಏರುತ್ತದೆ.

ಶೇ 15ಕ್ಕಿಂತ ಕಡಿಮೆ ಇದ್ದರೆ ಒಳ್ಳೆಯದು. 15–20 ಇದ್ದರೆ ಕಣದಲ್ಲಿ ಹರಡಿ ಒಣಗಿಸಿಕೊಳ್ಳಿ. 20 ದಾಟಿದರೆ ವಾಪಸ್ ಕಳಿಸಿ. ಖರೀದಿಯ ಮಾತಿನಲ್ಲೇ "ಒಣ ತೂಕಕ್ಕೆ ದರ" ಎಂದು ಬರೆಸಿಕೊಂಡರೆ ಲೋಡು ಬಂದಾಗ ಜಗಳವಿಲ್ಲ.

ಹಂತ 4: ಬುಟ್ಟಿಯ ಲೆಕ್ಕ ಬಿಟ್ಟು ಶಾಖದ ಲೆಕ್ಕ ಹಿಡಿಯಿರಿ

"ಐದು ಬುಟ್ಟಿ ಕಲ್ಲಿದ್ದಲಿಗೆ ಒಂದು ಬುಟ್ಟಿ ಹೊಟ್ಟು, ಅಂದರೆ ಶೇ 20 ತಾನೆ?" ಅಲ್ಲ. ಸಡಿಲ ಹೊಟ್ಟು ಒಂದು ಘನ ಮೀಟರ್‌ಗೆ 200 ಕೆಜಿ ತೂಗಿದರೆ ಹೆಚ್ಚು. ಕಲ್ಲಿದ್ದಲು 800 ಕೆಜಿ ದಾಟುತ್ತದೆ. ಬುಟ್ಟಿಯಲ್ಲಿ ಐದಕ್ಕೊಂದು ಎಂದದ್ದು ತೂಕದಲ್ಲಿ ಇಪ್ಪತ್ತಕ್ಕೊಂದು. ತೂಕದಲ್ಲೇ ಶೇ 20 ಹಾಕಿದರೂ ಶಾಖದಲ್ಲಿ ಅಷ್ಟು ಬರುವುದಿಲ್ಲ: 80 ಕೆಜಿ ಕಲ್ಲಿದ್ದಲು (ಕೆಜಿಗೆ 5,000) ಕೊಡುವುದು 4 ಲಕ್ಷ ಕಿಲೋಕ್ಯಾಲರಿ, 20 ಕೆಜಿ ಹೊಟ್ಟು (ಕೆಜಿಗೆ 3,700) ಕೊಡುವುದು 74 ಸಾವಿರ. ಒಟ್ಟಿನಲ್ಲಿ ಹೊಟ್ಟಿನ ಪಾಲು ಶೇ 15.6.

ಒಂದು ಪೂರ್ತಿ ಉದಾಹರಣೆ. ದಿನಕ್ಕೆ 5 ಟನ್ ಕಲ್ಲಿದ್ದಲು ಉರಿಸುವ ಘಟಕ, ಅಂದರೆ ದಿನಕ್ಕೆ 2.5 ಕೋಟಿ ಕಿಲೋಕ್ಯಾಲರಿ. ಇದರಲ್ಲಿ ಶಾಖದ ಶೇ 15ನ್ನು ಹೊಟ್ಟಿನಿಂದ ತೆಗೆಯಬೇಕು. ಅದು 37.5 ಲಕ್ಷ ಕಿಲೋಕ್ಯಾಲರಿ. ಉಳಿತಾಯವಾಗುವ ಕಲ್ಲಿದ್ದಲು 750 ಕೆಜಿ, ಬೇಕಾಗುವ ಹೊಟ್ಟು ಸುಮಾರು 1,015 ಕೆಜಿ.

ಇದರಿಂದ ಚಿಮಣಿಯಲ್ಲಿ ಏನಾಯಿತು? ಪಳೆಯುಳಿಕೆ ಮೂಲದ ಇಂಗಾಲದ ಡೈಆಕ್ಸೈಡ್ ದಿನಕ್ಕೆ ಸುಮಾರು ಒಂದೂವರೆ ಟನ್ ತಪ್ಪಿತು. ಕಲ್ಲಿದ್ದಲಿನ ಗಂಧಕ ಶೇ 0.6 ಇದ್ದರೆ 4.5 ಕೆಜಿ ಗಂಧಕ, ಅಂದರೆ 9 ಕೆಜಿವರೆಗೆ ಗಂಧಕದ ಡೈಆಕ್ಸೈಡ್ ತಪ್ಪಿತು. ಹೊಟ್ಟಿನಲ್ಲಿ ಶೇ 0.1 ಗಂಧಕ ಇದೆ ಎಂದರೂ ಅದು ಮರಳಿ ಸೇರಿಸುವುದು 2 ಕೆಜಿ. ನಿವ್ವಳ ಉಳಿತಾಯ 7 ಕೆಜಿ. ಬೂದಿಯಲ್ಲಿ ದೊಡ್ಡ ವ್ಯತ್ಯಾಸವಿಲ್ಲ: ಶೇ 10 ಬೂದಿಯ ಆಮದು ಕಲ್ಲಿದ್ದಲಾದರೆ 75 ಕೆಜಿ ಹೋಗಿ, ಶೇ 6 ಬೂದಿಯ ಚೆರ್ರಿ ಹೊಟ್ಟಿನಿಂದ 60 ಕೆಜಿ ಬರುತ್ತದೆ. ಅದೇ ಶಾಖಕ್ಕೆ ಭತ್ತದ ಹೊಟ್ಟು ಹಾಕಿದ್ದರೆ 200 ಕೆಜಿ ದಾಟುತ್ತಿತ್ತು. ಬೂದಿ ಶೇ 35–40 ಇರುವ ದೇಶೀ ಕಲ್ಲಿದ್ದಲು ನಿಮ್ಮದಾದರೆ ಈ ಲೆಕ್ಕ ತಿರುಗುತ್ತದೆ. ನಿಮ್ಮ ಲೋಡಿನ ಪರೀಕ್ಷಾ ವರದಿಯ ಅಂಕಿ ಹಾಕಿ ನೀವೇ ಮಾಡಿ ನೋಡಿ.

ಮೊದಲ ವಾರವೇ ಶೇ 15ಕ್ಕೆ ಹಾರಬೇಡಿ. ಶಾಖದ ಶೇ 5ರಿಂದ ಶುರು (ಇದೇ ಘಟಕಕ್ಕೆ ದಿನಕ್ಕೆ 340 ಕೆಜಿಯಷ್ಟು ಹೊಟ್ಟು). ಒಂದು ವಾರ ಎಲ್ಲ ಸರಿಯಿದ್ದರೆ 10, ಮತ್ತೊಂದು ವಾರಕ್ಕೆ 15. ಕೈಯಲ್ಲಿ ಇಂಧನ ಹಾಕುವ ಗ್ರೇಟ್ ಬಾಯ್ಲರ್‌ನಲ್ಲಿ ಸಡಿಲ ಚೆರ್ರಿ ಹೊಟ್ಟಾದರೆ ನಾನು ಅಲ್ಲಿಗೇ ನಿಲ್ಲುತ್ತೇನೆ. ಅದಕ್ಕಿಂತ ಹೆಚ್ಚು ಬೇಕಿದ್ದರೆ ಬ್ರಿಕೆಟ್‌ಗೆ ಹೋಗಿ.

ಹಂತ 5: ದಾಸ್ತಾನು ಮತ್ತು ಮಿಶ್ರಣ

ಮಲೆನಾಡಿನಲ್ಲಿ ಇದೇ ದೊಡ್ಡ ತಲೆನೋವು. ಹೊಟ್ಟು ಸಿಗುವುದು ಬೇಸಿಗೆಯಲ್ಲಿ. ಅಗತ್ಯ ಹೆಚ್ಚುವುದು ಮಳೆಗಾಲದಲ್ಲಿ, ಶಿರಾಡಿ ಘಾಟಿಯಲ್ಲಿ ಗುಡ್ಡ ಕುಸಿದು ಮಂಗಳೂರು ಬಂದರಿನಿಂದ ಬರಬೇಕಾದ ಕಲ್ಲಿದ್ದಲ ಲಾರಿ ಕೆಳಗೇ ನಿಂತಾಗ. ಸಕಲೇಶಪುರ, ಮೂಡಿಗೆರೆ ಮಳೆಯಲ್ಲಿ ಟಾರ್ಪಾಲ್ ಸಾಲದು. ಜೂನ್‌ಗೆ ಮೊದಲು ಸೂರಿನ ಕೆಳಗೆ ಎಷ್ಟು ಹಿಡಿಯುತ್ತದೋ ಅಷ್ಟೇ ಕೊಳ್ಳಿ. ನೆಲದಿಂದ ಒಂದಡಿ ಎತ್ತರಕ್ಕೆ ಹಲಗೆ ಹಾಸಿ, ಗೋಡೆಗೆ ತಾಗದಂತೆ ರಾಶಿ ಮಾಡಿ.

ತೇವದ ಹೊಟ್ಟನ್ನು ಎತ್ತರಕ್ಕೆ ರಾಶಿ ಹಾಕಿದರೆ ಒಳಗೊಳಗೇ ಕಾವು ಏರಿ ತಾನೇ ಹೊತ್ತಿಕೊಳ್ಳಬಹುದು. ರಾಶಿಯ ನಡುವಿಗೆ ಉದ್ದದ ಕಬ್ಬಿಣದ ಸರಳು ಚುಚ್ಚಿ ಅರ್ಧ ಗಂಟೆ ಬಿಟ್ಟು ಎಳೆಯಿರಿ. ತುದಿ ಹಿಡಿಯಲಾಗದಷ್ಟು ಬಿಸಿಯಿದ್ದರೆ ಅಂದೇ ರಾಶಿ ಬಿಡಿಸಿ ಹರಡಿ, ಪಕ್ಕದಲ್ಲಿ ನೀರಿನ ಪೈಪ್ ಸಿದ್ಧವಿರಲಿ. ಹಳೆಯ ಲೋಡು ಮೊದಲು ಖರ್ಚಾಗಬೇಕು.

ಕಲ್ಲಿದ್ದಲು, ಹೊಟ್ಟು ಎರಡನ್ನೂ ದಾಸ್ತಾನಿನಲ್ಲೇ ಬೆರೆಸಿಡಬೇಡಿ. ಕಲ್ಲಿದ್ದಲೂ ತಾನೇ ಕಾಯುವ ವಸ್ತು, ಒಂದಕ್ಕೊಂದು ಬೆಂಕಿ ಹಚ್ಚುತ್ತವೆ. ಜೊತೆಗೆ ಕಲ್ಲಿದ್ದಲು ಕೆಳಗೆ ಇಳಿದು ಹೊಟ್ಟು ಮೇಲೆ ಉಳಿಯುವುದರಿಂದ ಮಿಶ್ರಣವೂ ಸಮ ಇರುವುದಿಲ್ಲ. ಆ ಪಾಳಿಗೆ ಬೇಕಾದಷ್ಟನ್ನು ಮಾತ್ರ ಬಾಯ್ಲರ್ ಮನೆಯಲ್ಲಿ ತೂಗಿ ಬೆರೆಸಿ.

ಹಂತ 6: ಗಾಳಿ ಸರಿಮಾಡಿ

ಕಲ್ಲಿದ್ದಲು ಹೆಚ್ಚಾಗಿ ಗ್ರೇಟಿನ ಮೇಲೇ ಕೆಂಡವಾಗಿ ಉರಿಯುತ್ತದೆ. ಹೊಟ್ಟು ಹಾಗಲ್ಲ. ಅದರ ನಾಲ್ಕರಲ್ಲಿ ಮೂರು ಪಾಲು ಕಾವು ತಾಗಿದೊಡನೆ ಅನಿಲವಾಗಿ ಮೇಲೆದ್ದು ಗ್ರೇಟಿನ ಮೇಲಿನ ಜಾಗದಲ್ಲಿ ಉರಿಯುತ್ತದೆ. ಹಾಗಾಗಿ ಗಾಳಿಯೂ ಮೇಲೆ ಬೇಕು. ಗ್ರೇಟಿನ ಕೆಳಗಿಂದ ಎಫ್‌ಡಿ ಫ್ಯಾನ್ ಊದುವುದು ಪ್ರಾಥಮಿಕ ಗಾಳಿ. ಉರಿಯ ಮೇಲೆ ಪಕ್ಕದ ನಳಿಕೆಗಳಿಂದ ಬರುವುದು ಮೇಲ್ಗಾಳಿ. ಹೊಟ್ಟು ಸೇರಿಸಿದಾಗ ಕೆಳಗಿನದನ್ನು ತುಸು ತಗ್ಗಿಸಿ, ಮೇಲಿನದನ್ನು ಏರಿಸಿ. ಕೆಳಗಿಂದ ಜೋರಾಗಿ ಊದಿದರೆ ಅರ್ಧ ಉರಿದ ಹೊಟ್ಟು ಕಿಡಿಯಾಗಿ ಹಾರಿ ಚಿಮಣಿ ಸೇರುತ್ತದೆ. ಬ್ಯಾಗ್ ಫಿಲ್ಟರ್ (ಬಟ್ಟೆಚೀಲದಲ್ಲಿ ದೂಳು ಸೋಸುವ ಸಾಧನ) ಇದ್ದವರಿಗೆ ಇದು ನಿಜವಾದ ಅಪಾಯ, ಒಂದು ಕಿಡಿ ಚೀಲವನ್ನೇ ಸುಡುತ್ತದೆ. ಅದರ ಮೊದಲು ಸೈಕ್ಲೋನ್ (ಹೊಗೆಯನ್ನು ಸುತ್ತಿಸಿ ದಪ್ಪ ದೂಳು, ಕಿಡಿ ಬೇರ್ಪಡಿಸುವ ಸಾಧನ) ಇರಲೇಬೇಕು.

ಸ್ವಲ್ಪ ಸ್ವಲ್ಪ, ಮೇಲಿಂದ ಮೇಲೆ ಹಾಕಿ. ಹತ್ತು ನಿಮಿಷಕ್ಕೊಮ್ಮೆ ಒಂದು ಬುಟ್ಟಿ ಸುರಿಯುವುದಕ್ಕಿಂತ ಎರಡು ನಿಮಿಷಕ್ಕೊಮ್ಮೆ ಒಂದು ಸಲಿಕೆ ಎರಚುವುದು ಎಷ್ಟೋ ವಾಸಿ. ಸುರಿದ ಕೂಡಲೇ ಅನಿಲ ಒಟ್ಟಿಗೇ ಎದ್ದು ಗಾಳಿ ಸಾಲದೆ ಎರಡು ಮೂರು ನಿಮಿಷ ಕಪ್ಪು ಹೊಗೆ ಬರುತ್ತದೆ. ಅನಲೈಸರ್ ಹಿಡಿದರೆ ಕಾರ್ಬನ್ ಮೊನಾಕ್ಸೈಡ್ ಅಂಕಿ ಜಿಗಿಯುವುದು ಕಣ್ಣಿಗೇ ಕಾಣುತ್ತದೆ.

ಇಣುಕು ಕಿಂಡಿಯಿಂದ ನೋಡಿ. ಒಣ ಹುಲ್ಲಿನ ಬಣ್ಣದ ಹೊಳೆಯುವ ಹಳದಿ ಉರಿ ಸರಿ. ಮಂಕು ಕೆಂಪು, ತುದಿಯಲ್ಲಿ ಮಸಿ ಇದ್ದರೆ ಮೇಲ್ಗಾಳಿ ಸಾಲದು. ಕಣ್ಣು ಕುಕ್ಕುವ ಬಿಳಿ, ಚಿಕ್ಕ ಉರಿಯಾದರೆ ಗಾಳಿ ಹೆಚ್ಚಾಗಿದೆ. ಚಿಮಣಿಯಲ್ಲಿ ದಟ್ಟ ಬಿಳಿ ಹೊಗೆ ದೂರದವರೆಗೆ ಎಳೆದುಕೊಂಡು ಹೋದರೆ ಹೊಟ್ಟು ಹಸಿ. ಬೆಳಗಿನ ಚಳಿಯಲ್ಲಿ ಸ್ವಲ್ಪ ಬಿಳಿ ಆವಿ ಕಂಡು ಬೇಗ ಕರಗಿದರೆ ಚಿಂತೆಯಿಲ್ಲ. ಗ್ರೇಟ್ ಬಾಯ್ಲರ್‌ಗೆ ಚಿಮಣಿಯ ಆಮ್ಲಜನಕ ಶೇ 6–8ರ ನಡುವೆ ನಿಲ್ಲಿಸಲು ನೋಡಿ.

ಇಂಧನ ಹಾಕುವ ಬಾಗಿಲನ್ನು ಐಡಿ ಫ್ಯಾನ್ (ಹೊಗೆ ಎಳೆಯುವ ಫ್ಯಾನ್) ಓಡುತ್ತಿರುವಾಗ ಮಾತ್ರ, ಪಕ್ಕಕ್ಕೆ ನಿಂತು ತೆರೆಯಿರಿ. ಹೊಟ್ಟಿನ ಅನಿಲ ಒಳಗೆ ಕಟ್ಟಿಕೊಂಡಿದ್ದರೆ ಗಾಳಿ ಸಿಕ್ಕಿದೊಡನೆ ಉರಿ ಮುಖಕ್ಕೆ ನುಗ್ಗುತ್ತದೆ. ಕರೆಂಟ್ ಹೋಗಿ ಬಂದ ನಂತರದ ಮೊದಲ ಐದು ನಿಮಿಷ ಬಾಗಿಲು ಮುಟ್ಟಲೇಬಾರದು.

ಹಂತ 7: ಕಿಟ್ಟ ಮತ್ತು ಟ್ಯೂಬ್

ಕಿಟ್ಟ, ಫೈರ್‌ಮನ್‌ಗಳ ಬಾಯಲ್ಲಿ ಕ್ಲಿಂಕರ್, ಎಂದರೆ ಕರಗಿ ಗಟ್ಟಿಯಾದ ಬೂದಿ. ಕಲ್ಲಿದ್ದಲಿನದು ಸಾಮಾನ್ಯವಾಗಿ ಬೂದುಬಣ್ಣ, ಸರಳಿನಿಂದ ತಟ್ಟಿದರೆ ಪುಡಿ. ಚೆರ್ರಿ ಹೊಟ್ಟು ಹೆಚ್ಚಾದಾಗ ಬರುವುದು ಗಾಜಿನ ಹಾಗೆ ಹೊಳೆಯುವ ಕಪ್ಪು ಹಸಿರು ಗಡ್ಡೆ. ಗ್ರೇಟಿನ ಸಂದಿಯೊಳಗೆ ಇಳಿದು ಕೂತಿರುತ್ತದೆ, ಕುಲುಮೆಯ ಇಟ್ಟಿಗೆಯನ್ನೂ ಕಿತ್ತುಕೊಂಡೇ ಬರುತ್ತದೆ. ಅಂಥದ್ದು ಒಂದು ಕಂಡರೂ ಹೊಟ್ಟನ್ನು ಅರ್ಧಕ್ಕೆ ಇಳಿಸಿ, ಗ್ರೇಟ್ ಮೇಲಿನ ಹಾಸು ತೆಳ್ಳಗೆ ಮಾಡಿ, ಹೊಟ್ಟಿನಲ್ಲಿ ಮಣ್ಣಿದೆಯೇ ಎಂದು ಬಕೆಟ್ ಪರೀಕ್ಷೆ ಮತ್ತೆ ಮಾಡಿ.

ಎಫ್‌ಬಿಸಿ ಬಾಯ್ಲರ್ (ಕಾದ ಮರಳು ಗಾಳಿಯಲ್ಲಿ ಕುದಿಯುತ್ತಿರುವಂತೆ ಇರುವ ಹಾಸಿನಲ್ಲಿ ಉರಿಸುವ ಬಗೆ) ಇದ್ದವರಿಗೆ ಇನ್ನೂ ಎಚ್ಚರ ಬೇಕು. ಪೊಟ್ಯಾಸಿಯಂ ಮರಳಿನ ಜೊತೆಗೇ ಸೇರಿ ಕರಗಿ ಹಾಸನ್ನೇ ಗಡ್ಡೆ ಕಟ್ಟಿಸುತ್ತದೆ. ಹಾಸಿನ ಉಷ್ಣತೆ 850 ದಾಟಲು ಬಿಡಬೇಡಿ. ಒಂದು ಕಡೆ 800, ಇನ್ನೊಂದು ಕಡೆ 900 ಎಂದು ತೋರಿಸಲು ಶುರುವಾದರೆ ಗಡ್ಡೆ ಆಗಲೇ ಕಟ್ಟುತ್ತಿದೆ. ಹೊಟ್ಟು ನಿಲ್ಲಿಸಿ, ಹಳೆ ಮರಳು ತೆಗೆದು ಹೊಸದು ಹಾಕಿ.

ಬರೀ ಹೊಟ್ಟು ಉರಿಸುವುದಕ್ಕಿಂತ ಕಲ್ಲಿದ್ದಲಿನ ಜೊತೆ ಉರಿಸುವುದರಲ್ಲಿ ಒಂದು ಅನುಕೂಲವೂ ಇದೆ. ಕಲ್ಲಿದ್ದಲಿನ ಗಂಧಕ ಹೊಟ್ಟಿನ ಪೊಟ್ಯಾಸಿಯಂ ಕ್ಲೋರೈಡನ್ನು ಸಲ್ಫೇಟ್ ಮಾಡುತ್ತದೆ, ಅದು ಕ್ಲೋರೈಡಿನಷ್ಟು ಅಂಟುವುದಿಲ್ಲ, ಲೋಹವನ್ನೂ ಅಷ್ಟು ತಿನ್ನುವುದಿಲ್ಲ.

ಟ್ಯೂಬಿನ ಮೇಲೆ ಪದರ ಕೂತಿದೆಯೇ ಎಂದು ತಿಳಿಯಲು ಬಾಯ್ಲರ್ ಬಿಚ್ಚಬೇಕಿಲ್ಲ. ದಿನಾ ಹಬೆಯ ಒಂದೇ ಲೋಡಿನಲ್ಲಿ, ಒಂದೇ ಹೊತ್ತಿಗೆ ಚಿಮಣಿಯ ಉಷ್ಣತೆ ಬರೆದುಕೊಳ್ಳಿ. ಸುಮಾರು 22 ಡಿಗ್ರಿ ಏರಿದರೆ ಇಂಧನ ಶೇ 1 ದಂಡ. 30 ಡಿಗ್ರಿ ಏರಿದರೆ ವಾರದ ರಜೆಗೆ ಕಾಯದೆ ಬ್ರಷ್ ಹಾಕಿಸಿ.

ಹಂತ 8: ಹೊಗೆ ಅಳೆಸಿ, ವರದಿ ಓದಲು ಕಲಿಯಿರಿ

ಹೊಟ್ಟು ಹಾಕುವ ಮೊದಲು ಒಮ್ಮೆ, ಅಂತಿಮ ಪ್ರಮಾಣಕ್ಕೆ ಬಂದ ಮೇಲೆ ಒಮ್ಮೆ, ಮಾನ್ಯತೆ ಇರುವ ಪ್ರಯೋಗಾಲಯದಿಂದ ಚಿಮಣಿ ಪರೀಕ್ಷೆ ಮಾಡಿಸಿ. ಮೊದಲಿನ ವರದಿಯಿಲ್ಲದೆ ಇಳಿಯಿತೋ ಏರಿತೋ ಹೇಳಲು ಆಧಾರವೇ ಇರುವುದಿಲ್ಲ. ಎರಡೂ ಸಲ ಹಬೆಯ ಲೋಡು ಒಂದೇ ಇರಲಿ. ಮಾದರಿ ತೆಗೆಯುವ ಹೊತ್ತಿಗೆ ಹೊಟ್ಟು ನಿಲ್ಲಿಸಿ ಬರೀ ಒಳ್ಳೆಯ ಕಲ್ಲಿದ್ದಲು ಹಾಕುವ ಜಾಣತನ ಬೇಡ. ಆ ವರದಿ ನಿಮಗೇ ಉಪಯೋಗಕ್ಕಿಲ್ಲ.

ದೂಳಿನ ಅಂಕಿಯನ್ನು ಹಾಗೇ ಓದಬೇಡಿ. ಸಣ್ಣ ಬಾಯ್ಲರ್‌ಗಳ ಮಿತಿ ಶೇ 12 ಇಂಗಾಲದ ಡೈಆಕ್ಸೈಡ್‌ಗೆ ಸರಿಹೊಂದಿಸಿದ ಅಂಕಿಗೆ ಅನ್ವಯ. ಘನ ಮೀಟರ್‌ಗೆ 90 ಮಿಲಿಗ್ರಾಂ ಎಂದು ಬಂದಿದೆ, ಆದರೆ ಆ ಹೊತ್ತಿನಲ್ಲಿ ಇಂಗಾಲದ ಡೈಆಕ್ಸೈಡ್ ಶೇ 6 ಮಾತ್ರ ಇತ್ತು ಎಂದರೆ ನಿಜವಾದ ಅಂಕಿ 90×12÷6, ಅಂದರೆ 180. ಗಾಳಿ ಜಾಸ್ತಿ ಬಿಟ್ಟು ಹೊಗೆ ತೆಳುವಾಗಿಸಿದರೆ ಅಂಕಿ ಚೆನ್ನಾಗಿ ಕಾಣುತ್ತದೆ ಅಷ್ಟೆ. ವರದಿಯಲ್ಲಿ ಸರಿಹೊಂದಿಸಿದ ಅಂಕಿ ಇಲ್ಲದಿದ್ದರೆ ಕೇಳಿ ಪಡೆಯಿರಿ.

ಮಲ್ಟಿಸೈಕ್ಲೋನ್ ಒಂದನ್ನೇ ನಂಬಿದವರು ಇದನ್ನೂ ಗಮನಿಸಿ: ಅದು ಹಿಡಿಯುವುದು ದಪ್ಪ ದೂಳನ್ನು. ಚೆರ್ರಿ ಹೊಟ್ಟಿನ ಪೊಟ್ಯಾಸಿಯಂ ಆವಿಯಾಗಿ ಹೋಗಿ ತಣ್ಣಗಾದಾಗ ಒಂದು ಮೈಕ್ರಾನ್‌ಗಿಂತ ಸಣ್ಣ ಕಣವಾಗುತ್ತದೆ. ಅದು ಸೈಕ್ಲೋನ್‌ಗೆ ಸಿಗುವುದಿಲ್ಲ. ಚಿಮಣಿಯ ಹತ್ತಿರ ಮನೆಗಳಿದ್ದರೆ ಬ್ಯಾಗ್ ಫಿಲ್ಟರ್ ಬಗ್ಗೆ ಯೋಚಿಸಲೇಬೇಕು.

ರಿಜಿಸ್ಟರ್‌ನಲ್ಲಿ ಪಾಳಿವಾರು ಇಷ್ಟಿರಲಿ: ಕಲ್ಲಿದ್ದಲಿನ ತೂಕ, ಹೊಟ್ಟಿನ ತೂಕ ಮತ್ತು ತೇವ, ಹೊಟ್ಟು ಎಲ್ಲಿಂದ ಬಂತು, ಆಮ್ಲಜನಕ, ಕಾರ್ಬನ್ ಮೊನಾಕ್ಸೈಡ್, ಚಿಮಣಿಯ ಉಷ್ಣತೆ, ಕಿಟ್ಟ ಬಂತೇ ಇಲ್ಲವೇ. ಬಟ್ಟೆ ರಫ್ತು ಮಾಡುವವರನ್ನು ಖರೀದಿದಾರರು ಈಗ ಇಂಗಾಲದ ಲೆಕ್ಕ ಕೇಳುತ್ತಾರೆ. ಹೊಟ್ಟಿನ ಇಂಗಾಲದ ಡೈಆಕ್ಸೈಡನ್ನು ಬೇರೆ ಸಾಲಿನಲ್ಲಿ ತೋರಿಸಿ. ಅದೇ ಹೊಟ್ಟಿನಿಂದ ಬರುವ ಮೀಥೇನ್ ಮತ್ತು ನೈಟ್ರಸ್ ಆಕ್ಸೈಡ್ ಮಾತ್ರ ಮುಖ್ಯ ಮೊತ್ತದಲ್ಲೇ ಸೇರಬೇಕು. ಸಾಗಣೆಯ ಡೀಸೆಲ್ಲನ್ನೂ ಬರೆದಿಡಿ; ಸಡಿಲ ಹೊಟ್ಟಿನ ಲಾರಿಯಲ್ಲಿ ಹೊರುವುದು ಅರ್ಧ ಗಾಳಿಯೇ, ದೂರದಿಂದ ತರಿಸಿದರೆ ಲಾಭ ದಾರಿಯಲ್ಲೇ ಕರಗುತ್ತದೆ.

ಹಂತ 9: ಬೂದಿಯನ್ನು ತೋಟಕ್ಕೆ ಕೊಡಬೇಡಿ

ಹೊಟ್ಟು ಮಾರಿದ ಪ್ಲಾಂಟರ್ ತಿಂಗಳು ಬಿಟ್ಟು ಪಿಕಪ್ ತಂದು, "ನಮ್ಮ ಹೊಟ್ಟಿನ ಬೂದಿ ಕೊಡಿ, ಗಿಡದ ಬುಡಕ್ಕೆ ಹಾಕ್ತೇವೆ" ಎಂದು ಕೇಳುವುದು ಸಾಮಾನ್ಯ. ಬರೀ ಹೊಟ್ಟು ಉರಿಸಿದ ಬೂದಿಯಾದರೆ ಕೇಳುವುದರಲ್ಲಿ ಅರ್ಥವಿದೆ. ಮಲೆನಾಡಿನ ಹುಳಿ ಮಣ್ಣಿಗೆ ಸುಣ್ಣದ ಗುಣವೂ ಪೊಟ್ಯಾಷ್ ಕೂಡ ಸಿಗುತ್ತದೆ. ಆದರೆ ಕಲ್ಲಿದ್ದಲಿನ ಜೊತೆ ಉರಿದ ಮೇಲೆ ಅದು ಕಲ್ಲಿದ್ದಲ ಬೂದಿಯೇ. ಆರ್ಸೆನಿಕ್, ಸೀಸದಂಥ ಭಾರಲೋಹಗಳು ಅದರಲ್ಲಿರುತ್ತವೆ, ತೋಟದಿಂದ ಹಳ್ಳಕ್ಕೆ ಇಳಿಯುತ್ತವೆ. ಎಷ್ಟೇ ಪರಿಚಯದವರಾದರೂ ಕೊಡಬೇಡಿ.

ಬೂದಿಯನ್ನು ನೀರು ಚಿಮುಕಿಸಿ ತಣಿಸಿ, ಮಳೆ ತಾಗದ ಕಡೆ ಇಟ್ಟು, ಸಮ್ಮತಿ ಪತ್ರದಲ್ಲಿ ಹೇಳಿದ ಹಾಗೆ ಇಟ್ಟಿಗೆ ಅಥವಾ ಬ್ಲಾಕ್ ಮಾಡುವವರಿಗೆ ರಸೀದಿ ಪಡೆದು ಕೊಡಿ. ಇಟ್ಟಿಗೆಯವರು ಮಿಶ್ರ ಬೂದಿಯನ್ನು ಮೊದಲು ಪರೀಕ್ಷೆ ಮಾಡಿಸಿ ಎನ್ನಬಹುದು. ಸರಿಯಾಗಿ ಉರಿಯದ ಹೊಟ್ಟಿನ ಕರಿ ಉಳಿದ ಬೂದಿಯಿಂದ ಇಟ್ಟಿಗೆ ಗಟ್ಟಿಯಾಗುವುದಿಲ್ಲ. ಬೂದಿ ಕಪ್ಪಗಿದೆ ಎಂದು ಅವರು ವಾಪಸ್ ಕಳಿಸಿದರೆ ಅವರ ಮೇಲೆ ರೇಗಬೇಡಿ. ಹಂತ 6ಕ್ಕೆ ಹೋಗಿ ಗಾಳಿ ಮತ್ತೊಮ್ಮೆ ನೋಡಿ.